ಗಂಟೆ ಹೊಡೆಯುವ ಹೊತ್ತಿನ ಹೊಟ್ಟೆನೋವು

ಬೇನೆಗಳಿಗೂ ಒಂದೊಂದು ಕಾಲವುಂಟು. ಮಳೆಗಾಲಕ್ಕೆ ನೆಗಡಿ, ಬೇಸಗೆಗೆ ಕಣ್ಣುಬೇನೆ, ಚಳಿಗಾಲಕ್ಕೆ ಅಜ್ಜಿಯ ಮಂಡಿನೋವು. ಆದರೆ ವೈದ್ಯಗ್ರಂಥಗಳಿಗಿಂತ ತಾಯಂದಿರೇ ಚೆನ್ನಾಗಿ ಬಲ್ಲ ಬೇನೆಯೊಂದಿದೆ. ಅದು ಪಂಚಾಂಗವನ್ನು ಅನುಸರಿಸುವುದಿಲ್ಲ, ಶಾಲೆಯ ವೇಳಾಪಟ್ಟಿಯನ್ನು ಅನುಸರಿಸುತ್ತದೆ. ಬೆಳಗಿನ ಎಂಟು ಗಂಟೆಗೆ ಅದು ಹುಟ್ಟುತ್ತದೆ. ಶಾಲೆಯ ವಾಹನ ಬೀದಿಯ ತಿರುವು ದಾಟಿ ಹೋದ ಮೇಲೆ ಮೆಲ್ಲಗೆ ಇಳಿಯುತ್ತದೆ. ಹನ್ನೊಂದರ ಹೊತ್ತಿಗೆ ಮಾಯವಾಗುತ್ತದೆ. ಭಾನುವಾರ ಅದಕ್ಕೂ ರಜ. ದಸರೆಯ ಬಿಡುವಿನಲ್ಲಿ ಅದರ ಸುಳಿವಿಲ್ಲ. ಬೇಸಗೆಯ ರಜ ಕಳೆದು ಶಾಲೆಯ ಬಾಗಿಲು ತೆರೆದ ವಾರ ಅದು ಮನೆಮನೆಯ ಕದ ತಟ್ಟುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ತಲೆಯೆತ್ತುತ್ತದೆ. ಮಗು ಹೊಕ್ಕುಳ ಮೇಲೆ ಕೈಯಿಟ್ಟುಕೊಂಡು, "ಅಮ್ಮ, ಹೊಟ್ಟೆನೋವು" ಎನ್ನುತ್ತದೆ. ಕೆಲವು ಮಕ್ಕಳಿಗೆ ತಲೆನೋವು, ಕೆಲವರಿಗೆ ವಾಕರಿಕೆ. ಇನ್ನು ಕೆಲವರು ಹೇಗೋ ಶಾಲೆಯವರೆಗೆ ಬಂದು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಸಿಯುತ್ತಾರೆ.

ಇಂಥ ಬೆಳಗು ಮನೆಯವರನ್ನು ಎರಡು ಪಕ್ಷವಾಗಿ ಒಡೆಯುತ್ತದೆ. "ಎಲ್ಲ ನಾಟಕ. ಎರಡು ಬಿಗಿದರೆ ನೋವು ತಾನಾಗಿ ಓಡುತ್ತದೆ" ಎಂದು ತಂದೆಯ ತೀರ್ಪು. "ಪಾಪ, ಮುಖ ಬಾಡಿದೆ, ಯಾರ ಕಣ್ಣು ಬಿತ್ತೋ ಏನೋ. ಇವತ್ತೊಂದು ದಿನ ಮನೆಯಲ್ಲಿರಲಿ" ಎಂದು ಅಜ್ಜಿಯ ವಕಾಲತ್ತು. ಹೊಕ್ಕುಳಿಗೆ ಇಂಗು ಹಚ್ಚುವುದು, ಓಮದ ನೀರು ಕುಡಿಸುವುದು, ದೃಷ್ಟಿ ತೆಗೆಯುವುದು ಒಂದು ಕಡೆ. ಗದರಿಕೆ ಇನ್ನೊಂದು ಕಡೆ. ಇಬ್ಬರ ನಡುವೆ ತಾಯಿ ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ಮಗುವಿನ ಹಣೆ ಮುಟ್ಟಿ ನೋಡುತ್ತ ನಿಂತಿರುತ್ತಾಳೆ. ಎರಡು ಪಕ್ಷಗಳೂ ವಾದಿಸುವುದು ಒಂದೇ ಪ್ರಶ್ನೆಯನ್ನು: ಈ ನೋವು ನಿಜವೋ, ಸುಳ್ಳೋ?

ಆ ಪ್ರಶ್ನೆಯೇ ಸರಿಯಲ್ಲ. ನೋವು ಬಹುಮಟ್ಟಿಗೆ ನಿಜ. ಆದರೆ ನೋವಿದ್ದಲ್ಲೆಲ್ಲ ರೋಗವಿರಬೇಕೆಂಬ ನಿಯಮವಿಲ್ಲ. ಹೊಟ್ಟೆಯಲ್ಲಿ ಕಾಣಿಸಿಕೊಂಡ ಸಂಕಟಕ್ಕೆ ಕಾರಣ ಹೊಟ್ಟೆಯಲ್ಲಿಯೇ ಇರಬಹುದು, ಶಾಲೆಯಲ್ಲಿರಬಹುದು, ಮನೆಯಲ್ಲಿಯೂ ಇರಬಹುದು. ಮಗುವಿಗೆ ಅದನ್ನು ಬಿಡಿಸಿ ಹೇಳುವಷ್ಟು ಮಾತು ಇನ್ನೂ ಬಂದಿಲ್ಲ. ಹಿರಿಯರ ಕೆಲಸ ತೀರ್ಪು ಕೊಡುವುದಲ್ಲ, ಕಾರಣವನ್ನು ಹುಡುಕುವುದು.

ಸುಳ್ಳಿನ ವಿಷಯ

ಸುಳ್ಳು ಹೇಳುವ ಮಕ್ಕಳಿಲ್ಲವೆ ಎಂದು ಕೇಳುವವರುಂಟು. ಉಂಟು, ಖಂಡಿತ ಉಂಟು. ಅವರಲ್ಲಿ ಒಬ್ಬರು ಮುಂದೆ ನೊಬೆಲ್ ಬಹುಮಾನವನ್ನೂ ಪಡೆದರು. ರವೀಂದ್ರನಾಥ ಠಾಕೂರರು 1940ರಲ್ಲಿ ಪ್ರಕಟವಾದ ತಮ್ಮ ಬಾಲ್ಯದ ನೆನಪುಗಳ ಪುಸ್ತಕ 'ಛೇಲೇಬೇಲಾ'ದಲ್ಲಿ ಈ ವಿಷಯವನ್ನು ನಗುನಗುತ್ತ ಹೇಳಿಕೊಂಡಿದ್ದಾರೆ. ಶಾಲೆ ತಪ್ಪಿಸಿಕೊಳ್ಳಲು ಕಾಯಿಲೆ ಬೀಳಬೇಕೆಂದು ಆ ಹುಡುಗನಿಗೆ ಹಂಬಲ. ಆದರೆ ದೇಹ ಒಪ್ಪದು. ನೆನೆದ ಬೂಟುಗಳನ್ನು ಹಾಕಿಕೊಂಡು ಓಡಾಡಿದರೂ ನೆಗಡಿಯಿಲ್ಲ. ಕಾರ್ತಿಕದ ಮಂಜಿನಲ್ಲಿ ಬಯಲು ಮಾಳಿಗೆಯ ಮೇಲೆ ಮಲಗಿದರೂ ಕೆಮ್ಮಿಲ್ಲ. ಕಡೆಗೆ ಹೊಟ್ಟೆನೋವೆಂಬುದು ಹೊಟ್ಟೆಯಲ್ಲಿ ಹುಟ್ಟದೆ ಬಾಯಲ್ಲಿ ಮಾತ್ರ ಹುಟ್ಟುತ್ತಿತ್ತು. ತಾಯಿ ಒಳಗೊಳಗೇ ನಕ್ಕು, ಇಂದು ಪಾಠ ಬೇಡವೆಂದು ಮೇಷ್ಟರಿಗೆ ತಿಳಿಸಲು ಆಳನ್ನು ಕಳುಹಿಸುತ್ತಿದ್ದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಎರಡು. ಮೊದಲನೆಯದು, ಆ ತಾಯಿಗೆ ಸುಳ್ಳು ತಿಳಿದಿತ್ತು. ತಿಳಿದೂ ಮಗನನ್ನು ಕಳ್ಳನಂತೆ ಕಟಕಟೆಗೆ ಹತ್ತಿಸಲಿಲ್ಲ. ಎರಡನೆಯದು, ಹುಡುಗನ ಸುಳ್ಳಿನ ಹಿಂದೆ ದೊಡ್ಡದೊಂದು ನಿಜವಿತ್ತು: ನಾಲ್ಕು ಗೋಡೆಗಳ ಆ ಶಾಲೆ ಅವನಿಗೆ ಸಹಿಸಲಾಗದ ಸ್ಥಳವಾಗಿತ್ತು. ಆ ಹುಡುಗ ಬೆಳೆದು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಪಾಠ ನಡೆಸಿದ್ದು ಮರಗಳ ನೆರಳಿನಲ್ಲಿ. ನೋವನ್ನು ನಟಿಸುವ ಮಗು ಕೂಡ ಏನನ್ನೋ ಹೇಳುತ್ತಿರುತ್ತದೆ. ಆದರೆ ನಟನೆ ಅಪರೂಪ. ನಿಜವಾದ ನೋವೇ ಹೆಚ್ಚು. ಅದು ಹೇಗೆಂಬುದನ್ನು ಈಗ ನೋಡೋಣ.

ಹೊಟ್ಟೆ ಬಲ್ಲ ಸಂಗತಿಗಳು

ನಮ್ಮ ಭಾಷೆಗೆ ಈ ಮರ್ಮ ಬಹು ಹಿಂದೆಯೇ ತಿಳಿದಿತ್ತೆಂದು ತೋರುತ್ತದೆ. ಪರರ ಏಳಿಗೆ ಕಂಡರೆ ಕನ್ನಡಿಗನಿಗೆ ಹೊಟ್ಟೆಕಿಚ್ಚು. ಮಕ್ಕಳು ಅತ್ತರೆ ಕರುಳು ಚುರುಕ್ಕೆನ್ನುತ್ತದೆ. ಅಗಲಿಕೆಯಲ್ಲಿ ಕರುಳು ಕಿತ್ತು ಬರುತ್ತದೆ. ತಪ್ಪು ಮಾಡಿದವನು 'ಹೊಟ್ಟೆಗೆ ಹಾಕಿಕೊಳ್ಳಿ' ಎಂದು ಕ್ಷಮೆ ಬೇಡುತ್ತಾನೆ. ಸಿಟ್ಟು, ಮಮತೆ, ಭಯ, ಕ್ಷಮೆ ಎಲ್ಲಕ್ಕೂ ನಾವು ಹೊಟ್ಟೆಯಲ್ಲಿಯೇ ಜಾಗ ಕೊಟ್ಟಿದ್ದೇವೆ. ಇದು ಕೇವಲ ಅಲಂಕಾರವಲ್ಲವೆಂದು ಶರೀರಶಾಸ್ತ್ರ ಕಂಡುಕೊಳ್ಳಲು 19ನೆಯ ಶತಮಾನ ಬರಬೇಕಾಯಿತು.

1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನ ಪ್ರಾಣ ಉಳಿಸಿದರೂ ಗಾಯ ಪೂರ್ತಿ ಮುಚ್ಚಿಕೊಳ್ಳದೆ ಜಠರಕ್ಕೊಂದು ಕಿಂಡಿ ಉಳಿದುಕೊಂಡಿತು. ಆ ಕಿಂಡಿಯ ಮೂಲಕ ಬೋಮಾಂಟ್ ವರ್ಷಗಟ್ಟಲೆ ಜಠರದ ಕೆಲಸವನ್ನು ಕಣ್ಣಾರೆ ನೋಡಿ, 1833ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ರೋಗಿಗೆ ಸಿಟ್ಟು ಬಂದಾಗ, ಭಯವಾದಾಗ ಜಠರದ ಒಳಪದರವೂ ಅದರ ರಸವೂ ಬದಲಾಗುವುದನ್ನು ಅವರು ಗುರುತಿಸಿದರು. ಮುಂದೆ ಹಾರ್ವರ್ಡಿನಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ವಾಲ್ಟರ್ ಕ್ಯಾನನ್, ಆಗತಾನೆ ಬಳಕೆಗೆ ಬಂದಿದ್ದ ಎಕ್ಸ್‌ರೇ ಕಿರಣಗಳ ನೆರವಿನಿಂದ ಬೆಕ್ಕುಗಳ ಜಠರ ಆಹಾರವನ್ನು ಅರೆಯುವುದನ್ನು ನೋಡುತ್ತಿದ್ದರು. ಬೆಕ್ಕು ಗಾಬರಿಗೊಂಡ ಕ್ಷಣವೇ ಜಠರದ ಅಲೆಗಳು ನಿಂತುಬಿಡುತ್ತಿದ್ದವು. ಸಮಾಧಾನವಾದ ಮೇಲೆ ಮತ್ತೆ ಆರಂಭವಾಗುತ್ತಿದ್ದವು. ಅಪಾಯ ಎದುರಾದಾಗ ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಸಿದ್ಧವಾಗುತ್ತದೆ. ರಕ್ತ ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಕಡೆಗೆ ಹರಿಯುತ್ತದೆ. ಜೀರ್ಣಕ್ರಿಯೆ ಕಾದು ಕೂರುತ್ತದೆ. ಹುಲಿಯನ್ನು ಕಂಡ ಮನುಷ್ಯನಿಗೆ ಇದು ಉಪಕಾರ. ಗಣಿತದ ಮೇಷ್ಟರನ್ನು ನೆನೆದ ಮಗುವಿಗೆ ಓಡುವ ಅವಕಾಶವೂ ಇಲ್ಲ, ಹೋರಾಡುವ ಅವಕಾಶವೂ ಇಲ್ಲ; ಹೊಟ್ಟೆಯ ತಳಮಳ ಮಾತ್ರ ಉಳಿಯುತ್ತದೆ.

ಇಂದಿನ ವಿಜ್ಞಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅನ್ನನಾಳದಿಂದ ಗುದದ್ವಾರದವರೆಗಿನ ಗೋಡೆಗಳಲ್ಲಿ 10 ಕೋಟಿಗೂ ಮಿಕ್ಕ ನರಕೋಶಗಳ ಜಾಲವೊಂದು ಹರಡಿಕೊಂಡಿದೆ. ಮಿದುಳಿಗೂ ಕರುಳಿಗೂ ನಡುವೆ ಸುದ್ದಿ ಎಡೆಬಿಡದೆ ಓಡಾಡುತ್ತಿರುತ್ತದೆ. ಎರಡನ್ನೂ ಜೋಡಿಸುವ ಮುಖ್ಯ ನರದ ಎಳೆಗಳಲ್ಲಿ ಹೆಚ್ಚಿನವು ಕರುಳಿನ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಕೆಲವು ಮಕ್ಕಳಲ್ಲಿ ಈ ತಂತಿ ಸ್ವಲ್ಪ ಹೆಚ್ಚು ಬಿಗಿಯಾಗಿರುತ್ತದೆ. ಬೇರೆಯವರಿಗೆ ತಿಳಿಯದೆಯೇ ಹೋಗುವ ಕರುಳಿನ ಸಾಮಾನ್ಯ ಚಲನೆಯೇ ಅವರಿಗೆ ನೋವಾಗಿ ಕೇಳಿಸುತ್ತದೆ. ಆತಂಕ ಆ ನೋವನ್ನು ಹೆಚ್ಚಿಸುತ್ತದೆ. ನೋವು ಆತಂಕವನ್ನು ಹೆಚ್ಚಿಸುತ್ತದೆ. ಇದರಲ್ಲಿ ಸುಳ್ಳೆಲ್ಲಿ ಬಂತು?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ವೈದ್ಯರಾಗಿದ್ದ ಜಾನ್ ಏಪ್ಲಿ, ನೋರಾ ನೇಶ್ ಎಂಬ ಸಹೋದ್ಯೋಗಿಯ ಜೊತೆಗೆ 1000 ಶಾಲಾಮಕ್ಕಳನ್ನು ಪರಿಶೀಲಿಸಿ 1958ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಮೂರು ತಿಂಗಳಲ್ಲಿ ಮೂರು ಬಾರಿಯಾದರೂ, ಆಟಪಾಠಗಳನ್ನು ತಡೆಯುವಷ್ಟು ಹೊಟ್ಟೆನೋವು ಬರುವ ಮಕ್ಕಳು ಹತ್ತರಲ್ಲಿ ಒಬ್ಬರು ಎಂದು ಅವರು ಕಂಡರು. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಂಥವರು ನಾಲ್ವರು. ಅಂಥವರಲ್ಲಿ ಬಹುಪಾಲು ಮಕ್ಕಳ ದೇಹದಲ್ಲಿ ಹುಡುಕಿದರೂ ರೋಗ ಸಿಕ್ಕಲಿಲ್ಲ. ಏಪ್ಲಿ ವೈದ್ಯರಿಗೆ ಕೊಟ್ಟ ಒಂದು ಸೂತ್ರ ತಾಯಂದಿರಿಗೂ ಉಪಯುಕ್ತ: ನೋವು ಹೊಕ್ಕುಳಿನಿಂದ ಎಷ್ಟು ದೂರವೋ, ದೇಹದ ರೋಗವಿರುವ ಸಂಭವ ಅಷ್ಟು ಹೆಚ್ಚು.

ಮೊದಲು ದೇಹದ ಲೆಕ್ಕ

ಆದುದರಿಂದ ವಿಚಾರಣೆ ದೇಹದಿಂದಲೇ ಆರಂಭವಾಗಬೇಕು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಎಲ್ಲವನ್ನೂ ನಾಟಕವೆನ್ನುವಷ್ಟೇ ಅಪಾಯಕರ. ನೋವು ಹೊಕ್ಕುಳನ್ನು ಬಿಟ್ಟು ಬಲಗಡೆಯ ಕೆಳಹೊಟ್ಟೆಗೆ ಸರಿದು ನಿಂತರೆ, ನಿದ್ದೆಯಿಂದ ಮಗುವನ್ನು ಎಬ್ಬಿಸಿದರೆ, ಜೊತೆಗೆ ಜ್ವರವಿದ್ದರೆ, ವಾಂತಿ ನಿಲ್ಲದಿದ್ದರೆ ಅಥವಾ ಹಸಿರಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಉರಿದರೆ, ಮಗುವಿನ ತೂಕ ಇಳಿಯುತ್ತಿದ್ದರೆ, ಬೆಳವಣಿಗೆ ನಿಂತಂತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತಲೆನೋವು ಬೆಳಗಿನ ಜಾವ ಮಗುವನ್ನು ಎಬ್ಬಿಸಿ ವಾಂತಿ ತರಿಸಿದರೂ ಹಾಗೆಯೇ.

ಇಷ್ಟು ಭಯಪಡುವ ಲಕ್ಷಣಗಳಿಲ್ಲದಿದ್ದರೂ ದೇಹದ ಸಾಧಾರಣ ಕಾರಣಗಳು ಹಲವಿವೆ. ಅವುಗಳಲ್ಲಿ ಮೊದಲನೆಯದು ಹಸಿವು. ನಗರದಲ್ಲಿ ಏಳೂವರೆಯ ವಾಹನಕ್ಕೆ ಓಡುವ ಮಗು ಅರ್ಧ ಲೋಟ ಹಾಲು ಕುಡಿದು ಹೊರಟಿರುತ್ತದೆ. ಹಳ್ಳಿಯಲ್ಲಿ ಕೂಲಿಗೆ ಹೋಗುವ ತಾಯಿಯ ಮಗು ರಾತ್ರಿಯ ತಂಗಳು ಸಿಕ್ಕರೆ ತಿಂದು, ಸಿಕ್ಕದಿದ್ದರೆ ಹಾಗೆಯೇ ನಡೆದು ಬಂದಿರುತ್ತದೆ. ಬರಿಹೊಟ್ಟೆಯಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲಿಸಿದರೆ ತಲೆ ಸುತ್ತದೆ ಇನ್ನೇನಾದೀತು? 2001ರ ಸುಪ್ರೀಂ ಕೋರ್ಟಿನ ಆದೇಶದ ತರುವಾಯ, 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. 2013ರಲ್ಲಿ 'ಕ್ಷೀರಭಾಗ್ಯ'ದ ಹಾಲು ಸೇರಿತು. ಮಧ್ಯಾಹ್ನದ ಬಿಸಿಯೂಟ ಎಷ್ಟು ಮಕ್ಕಳ ಹೊಟ್ಟೆನೋವನ್ನು ಸದ್ದಿಲ್ಲದೆ ಗುಣಪಡಿಸಿದೆ ಎಂಬುದನ್ನು ಹಳ್ಳಿಯ ಶಿಕ್ಷಕರನ್ನು ಕೇಳಿ ತಿಳಿಯಬೇಕು. ಆದರೆ ಬೆಳಗಿನ ಪ್ರಾರ್ಥನೆಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮೂರು ಗಂಟೆಯ ಬಯಲಿದೆ ಎಂಬುದನ್ನು ಮರೆಯಬಾರದು.

ಎರಡನೆಯದು, ಯಾರೂ ಬಾಯಿಬಿಟ್ಟು ಆಡದ ಸಂಗತಿ: ಶೌಚಾಲಯ. ಹೊಲಸು ನಾರುವ, ಬಾಗಿಲಿನ ಚಿಲಕ ಕಿತ್ತುಹೋದ, ನೀರಿಲ್ಲದ ಶೌಚಾಲಯಕ್ಕೆ ಹೋಗಲು ಮಗು ಅಂಜುತ್ತದೆ. ಹೋಗಬೇಕಾಗಿ ಬರದಿರಲೆಂದು ನೀರನ್ನೇ ಕುಡಿಯುವುದಿಲ್ಲ. ಬೆಳಗ್ಗೆ ಮನೆಯಲ್ಲಿ ಅವಸರ, ಶಾಲೆಯಲ್ಲಿ ಅಂಜಿಕೆ. ಹೀಗೆ ಮಲವನ್ನು ಕಟ್ಟಿಕೊಂಡ ಮಗುವಿಗೆ ಮಲಬದ್ಧತೆಯಾಗಿ ಹೊಟ್ಟೆ ನೋಯುತ್ತದೆ. ಮೂತ್ರ ಕಟ್ಟಿಕೊಂಡ ಹುಡುಗಿಗೆ ಸೋಂಕು ತಗುಲುತ್ತದೆ. ಮುಟ್ಟಾಗುವ ವಯಸ್ಸಿನ ಹುಡುಗಿಯ ಪಾಡನ್ನು ಹೇಳುವುದೇ ಬೇಡ. ತಿಂಗಳಿಗೆ ಮೂರು ದಿನ ಬರುವ ಅವಳ 'ಹೊಟ್ಟೆನೋವು' ಕ್ರಮೇಣ ಹಾಜರಿಯನ್ನು ತಿಂದು, ಕೆಲವೊಮ್ಮೆ ಓದನ್ನೇ ತಿಂದುಹಾಕುತ್ತದೆ. ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯವಿರಬೇಕು, ಶುದ್ಧವಾದ ಕುಡಿಯುವ ನೀರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ಹೇಳುತ್ತದೆ. ಕೋಣೆ ಕಟ್ಟಿಸಿದ ಮಾತ್ರಕ್ಕೆ ಆಗಲಿಲ್ಲ. ಅದು ಮಗು ಹೋಗಬಲ್ಲ ಜಾಗವಾಗಿ ಉಳಿಯಬೇಕು. 2019ರಲ್ಲಿ ಕೇರಳದ ಶಾಲೆಗಳು ಆರಂಭಿಸಿದ 'ನೀರಿನ ಗಂಟೆ', ಎಂದರೆ ಎಲ್ಲ ಮಕ್ಕಳೂ ಒಟ್ಟಿಗೆ ನೀರು ಕುಡಿಯಲೆಂದೇ ಹೊಡೆಯುವ ಗಂಟೆ, ಬಲು ಅಗ್ಗದ ಒಳ್ಳೆಯ ಔಷಧ. ಆದರೆ ನೀರಿನ ಗಂಟೆಯ ಬೆನ್ನಿಗೇ ಶೌಚಾಲಯದ ಬಾಗಿಲೂ ತೆರೆದಿರಬೇಕಷ್ಟೆ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಜಂತುಹುಳು ಒಂದು, 2015ರಿಂದ ರಾಷ್ಟ್ರೀಯ ದಿನವೊಂದನ್ನು ಗೊತ್ತುಮಾಡಿ ಶಾಲೆ ಅಂಗನವಾಡಿಗಳಲ್ಲಿ ಮಾತ್ರೆ ಹಂಚಲಾಗುತ್ತಿದೆ. ಕಪ್ಪುಹಲಗೆ ಕಾಣದೆ ಕಣ್ಣು ಕಿರಿದುಮಾಡುವ ಮಗುವಿನ ತಲೆನೋವಿಗೆ ಕನ್ನಡಕವೇ ಔಷಧವಾಗಿರಬಹುದು. ವಾಹನದ ಹಿಂಬದಿಯಲ್ಲಿ ಕುಳಿತು, ತಿರುವುಗಳಲ್ಲಿ ಪುಸ್ತಕವನ್ನೋ ಮೊಬೈಲನ್ನೋ ನೋಡುವ ಮಗುವಿಗೆ ವಾಕರಿಕೆ ಬಂದರೆ, ಮುಂದಿನ ಸಾಲಿನಲ್ಲಿ ಕೂರಿಸಿ ಹೊರಗೆ ನೋಡುವಂತೆ ಹೇಳಿದರೆ ಬಹುಪಾಲು ಸಾಕು. ರಾತ್ರಿ ಹನ್ನೊಂದರವರೆಗೆ ಎಚ್ಚರವಿದ್ದ ಮಗುವಿಗೆ ಬೆಳಗ್ಗೆ ಆರೋಗ್ಯ ಸರಿಯಿರಬೇಕೆಂದು ಬಯಸುವುದು ನ್ಯಾಯವಲ್ಲ.

ಎರಡು ಶಾಲೆಗಳ ಕಥೆ

ಒಂದೇ ತರಗತಿಯಲ್ಲಿ ಹತ್ತು ಮಕ್ಕಳು ಒಟ್ಟಿಗೆ ಅಸ್ವಸ್ಥರಾದರೆ ಏನೆಂದು ತಿಳಿಯಬೇಕು? ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1962ರ ಜನವರಿ 30ರಂದು ಆಫ್ರಿಕದ ಟಾಂಗನಿಕಾದಲ್ಲಿ, ಕಶಾಶಾ ಎಂಬ ಹಳ್ಳಿಯ ಹುಡುಗಿಯರ ಶಾಲೆಯಲ್ಲಿ ಮೂವರು ವಿದ್ಯಾರ್ಥಿನಿಯರಿಗೆ ತಡೆಯಲಾಗದ ನಗು ಆರಂಭವಾಯಿತು. ನಗು, ಅಳು, ಚಡಪಡಿಕೆ ಒಬ್ಬರಿಂದೊಬ್ಬರಿಗೆ ಹರಡಿ, 159 ಮಂದಿಯಲ್ಲಿ 95 ಮಂದಿ ಅದಕ್ಕೆ ಸಿಕ್ಕಿದರು. ಮಾರ್ಚ್ 18ರಂದು ಶಾಲೆಯನ್ನೇ ಮುಚ್ಚಬೇಕಾಯಿತು. ವೈದ್ಯರು ಪರೀಕ್ಷಿಸಿದರೂ ವಿಷವಾಗಲಿ ಸೋಂಕಾಗಲಿ ಸಿಕ್ಕಲಿಲ್ಲ. ಉಪಾಧ್ಯಾಯರಲ್ಲಿ ಒಬ್ಬರಿಗೂ ಅದು ತಗುಲಲಿಲ್ಲ. ಒತ್ತಡದಲ್ಲಿರುವ ಎಳೆಯ ಮನಸ್ಸುಗಳ ನಡುವೆ ಬೇನೆಯ ಲಕ್ಷಣ ಹೀಗೂ ಹರಡಬಲ್ಲುದು. ಯಾರೂ ನಟಿಸುತ್ತಿರಲಿಲ್ಲ.

ಇನ್ನೊಂದು, 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ನಡೆದದ್ದು. ಮಧ್ಯಾಹ್ನದ ಊಟ ಮಾಡಿದ ಮಕ್ಕಳು ಹೊಟ್ಟೆನೋವು, ವಾಂತಿಯಿಂದ ಕುಸಿದರು. ಆಹಾರದಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. 23 ಮಕ್ಕಳು ಪ್ರಾಣ ಬಿಟ್ಟರು. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡ ಉಪಾಧ್ಯಾಯನಿಗೆ ನಿಯಮ ತಾನಾಗಿ ಹೊಳೆಯುತ್ತದೆ. ಮಕ್ಕಳ ಮಾತನ್ನು ಮೊದಲು ನಂಬಬೇಕು. ಊಟವನ್ನು ನಿಲ್ಲಿಸಿ, ನೀರನ್ನೂ ಅನ್ನವನ್ನೂ ತೆಗೆದಿರಿಸಿ, ವೈದ್ಯರಿಗೆ ಹೇಳಿಕಳುಹಿಸಬೇಕು. ವೈದ್ಯರು ಏನೂ ಇಲ್ಲವೆಂದ ಮೇಲೆ ಗುಂಪನ್ನು ಚದುರಿಸಿ, ಮಕ್ಕಳನ್ನು ಸಮಾಧಾನದಿಂದ ಬೇರೆಬೇರೆ ಕೂರಿಸಬೇಕು. ಈ ಕ್ರಮ ತಲೆಕೆಳಗಾಗಕೂಡದು. ಸುಮ್ಮನೆ ನಂಬಿ ಮೋಸಹೋದರೆ ಒಂದು ಮಧ್ಯಾಹ್ನ ಹಾಳಾದೀತು. ನಂಬದೆ ಮೋಸಹೋದರೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ.

ಮನಸ್ಸಿನ ಲೆಕ್ಕ

ದೇಹದ ಲೆಕ್ಕ ಮುಗಿದ ಮೇಲೆ ಮನಸ್ಸಿನ ಲೆಕ್ಕ. ಇಲ್ಲಿ ಮೊದಲು ಎಣಿಸಬೇಕಾದದ್ದು ಅಗಲಿಕೆ. ಒಂದನೆಯ ತರಗತಿಯ ಮಗುವಿಗೆ ತಾಯಿಯ ಸೆರಗು ಬಿಡುವುದೇ ದೊಡ್ಡ ಪರೀಕ್ಷೆ. ಅಮೆರಿಕದ ಅಡಿಲೇಡ್ ಜಾನ್ಸನ್ ಮತ್ತು ಅವರ ಸಂಗಡಿಗರು 1941ರಲ್ಲಿ 'ಶಾಲಾಭೀತಿ'ಯ ಬಗ್ಗೆ ಬರೆದಾಗ ಅವರ ಕಣ್ಣಿಗೆ ಬಿದ್ದದ್ದು ಶಾಲೆಗಿಂತ ಹೆಚ್ಚಾಗಿ ಮನೆಯೇ. ಬಿಟ್ಟಿರಲಾರದ ಮಗು ಒಂದು ಕಡೆ. ಬಿಟ್ಟುಕೊಡಲಾರದ ತಾಯಿ ಇನ್ನೊಂದು ಕಡೆ. ಮನೆಯಲ್ಲಿ ತಾಯಿಗೆ ಕಾಯಿಲೆಯಿದ್ದರೆ, ಹೊಸ ಕೂಸು ಹುಟ್ಟಿದ್ದರೆ, ತಂದೆತಾಯಿಗಳ ಜಗಳ ರಾತ್ರಿ ಗೋಡೆಯಾಚೆ ಕೇಳಿಸಿದ್ದರೆ, 'ನಾನು ಇಲ್ಲದಾಗ ಮನೆಯಲ್ಲಿ ಏನಾಗುವುದೋ' ಎಂಬ ಹೆದರಿಕೆ ಮಗುವಿನ ಹೊಟ್ಟೆಯನ್ನು ಹಿಂಡುತ್ತದೆ. ಅಂಥ ಮಗು ಶಾಲೆಗೆ ಹೆದರಿಲ್ಲ, ಮನೆಯನ್ನು ಕಾಯುತ್ತಿದೆ.

ಶಾಲೆಗೇ ಹೆದರುವ ಮಕ್ಕಳೂ ಉಂಟು. ಅಕ್ಷರಗಳು ಕಣ್ಣೆದುರು ಕೂಡಿಬರದ, ಬುದ್ಧಿಯಲ್ಲಿ ಏನೂ ಕೊರತೆಯಿಲ್ಲದ ಮಗುವನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಿದರೆ, ಮರುದಿನ ಅದೇ ವೇಳೆಗೆ ಅದರ ಹೊಟ್ಟೆ ನೋಯುತ್ತದೆ. ತೊದಲುವ ಮಗುವಿಗೆ ಹಾಜರಿ ಕೂಗುವ ಕ್ಷಣವೇ ಗಂಡಾಂತರ. ಮನೆಯಲ್ಲಿ ಕನ್ನಡವೊಂದೇ ಕೇಳಿ ಬೆಳೆದು, ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಕೂತ ಮಗುವಿಗೆ ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುವ ವಾಕ್ಯವೂ ಬಾಯಿಗೆ ಬರದಿರಬಹುದು. ಅದರ ಸಂಕಟವನ್ನು ಯಾವ ಪಠ್ಯಕ್ರಮ ಎಣಿಸಿದೆ? ಡಬ್ಬಿಯ ತಿಂಡಿ ಕಿತ್ತುಕೊಳ್ಳುವ, ಬಣ್ಣವನ್ನೋ ಜಾತಿಯನ್ನೋ ದಪ್ಪ ಮೈಯನ್ನೋ ಹಿಡಿದು ಅಣಕಿಸುವ ಸಹಪಾಠಿಗಳ ಸಂಗತಿ ಮನೆಯವರೆಗೆ ಬರುವುದು ಬಹಳ ತಡವಾಗಿ. ಇವೆಲ್ಲಕ್ಕೂ ಮೀರಿದ, ಹಿರಿಯನೊಬ್ಬನ ಕೈಯ ಅನಾಚಾರವನ್ನು ಮಗು ಹೇಳಲಾರದೆ ಹೊಟ್ಟೆನೋವಾಗಿ ಹೊತ್ತುಕೊಂಡಿರುವುದೂ ಉಂಟು. ಒಬ್ಬ ವ್ಯಕ್ತಿಯ, ಒಂದು ಕೋಣೆಯ, ಒಂದು ವಾಹನದ ಹೆಸರೆತ್ತಿದೊಡನೆ ಮಗು ಬಿಳುಚಿಕೊಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಕೂಡದು. ಮಕ್ಕಳ ಸಹಾಯವಾಣಿ 1098 ಇರುವುದು ಇಂಥದಕ್ಕೇ.

ಒಂದು ಕಾಲದಲ್ಲಿ ನಮ್ಮ ಕೂಲಿಮಠಗಳಲ್ಲಿ ತಪ್ಪು ಮಾಡಿದ ಹುಡುಗನನ್ನು ಕೋದಂಡಕ್ಕೆ ಏರಿಸುವ ಪದ್ಧತಿಯಿತ್ತು. 'ದಂಡಂ ದಶಗುಣಂ' ಎಂಬುದು ಶಿಕ್ಷಣತತ್ತ್ವವೇ ಆಗಿತ್ತು. 2009ರ ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತ ಬಹುಮಟ್ಟಿಗೆ ಮೂಲೆ ಸೇರಿದೆ. ನಾಲಗೆಯ ಬೆತ್ತ ಇನ್ನೂ ಪೂರ್ತಿಯಾಗಿ ಕೆಳಗಿಳಿದಿಲ್ಲ. "ನಿನ್ನ ತಲೆಯಲ್ಲಿ ಸಗಣಿ ತುಂಬಿದೆಯೆ?" ಎಂಬ ಒಂದು ಮಾತು ನಲವತ್ತು ಮಕ್ಕಳ ಎದುರು ಬಿದ್ದರೆ ಅದರ ಬಾಸುಂಡೆ ಹೊರಗೆ ಕಾಣುವುದಿಲ್ಲ, ಅಷ್ಟೆ.

ಏನು ಮಾಡಬಹುದು?

ಮೊದಲನೆಯ ಕೆಲಸಕ್ಕೆ ಒಂದು ಪುಟ್ಟ ಪುಸ್ತಕ ಸಾಕು. ನೋವು ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಹಿಂದಿನ ರಾತ್ರಿ ಏನು ತಿಂದಿತ್ತು, ಬಹಿರ್ದೆಸೆಗೆ ಹೋಗಿತ್ತೆ, ಅಂದು ಶಾಲೆಯಲ್ಲಿ ಯಾವ ಪಾಠವಿತ್ತು ಎಂದು ಎರಡು ಮೂರು ವಾರ ಬರೆದಿಟ್ಟರೆ, ಗದರಿಕೆಯಿಂದ ಹೊರಬಾರದ ನಿಜ ಆ ಹಾಳೆಯಲ್ಲಿ ತಾನಾಗಿ ಮೂಡುತ್ತದೆ. ಮಂಗಳವಾರವೂ ಶುಕ್ರವಾರವೂ ಮಾತ್ರ ನೋವು ಬರುವುದಾದರೆ ಆ ಎರಡು ದಿನ ಏನಿದೆ ಎಂದು ನೋಡಬೇಕು. ಮಗುವನ್ನು ಕೇಳುವುದೂ ಒಂದು ಕಲೆ. ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ, "ಶಾಲೆಯಲ್ಲಿ ಏನಾಯಿತು ಹೇಳು" ಎಂದರೆ ಅದು ಬಾಯಿ ಬಿಡುವುದಿಲ್ಲ. ಸಂಜೆ ಬಟಾಣಿ ಬಿಡಿಸುತ್ತಲೋ ತಲೆ ಬಾಚುತ್ತಲೋ, "ಇವತ್ತು ಊಟದ ಹೊತ್ತಿನಲ್ಲಿ ಯಾರ ಪಕ್ಕ ಕೂತಿದ್ದೆ, ಪುಟ್ಟ?" ಎಂದು ಕೇಳಿದರೆ ಮಾತು ಹರಿಯುತ್ತದೆ.

ಎರಡನೆಯದು, ನೋವನ್ನು ನಂಬಬೇಕು. ಆದರೆ ಅದನ್ನು ಪೂಜಿಸಬಾರದು. 2006ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಸಂಗಡಿಗರು ಮಕ್ಕಳಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಅಪಾಯವಿಲ್ಲದ ಒಂದಿಷ್ಟು ಸಂಕಟವನ್ನು ಉಂಟುಮಾಡಿ ಪರೀಕ್ಷೆಯೊಂದನ್ನು ನಡೆಸಿದರು. ತಂದೆತಾಯಿಗಳು ಮತ್ತೆಮತ್ತೆ ನೋವನ್ನೇ ವಿಚಾರಿಸಿದಾಗ ಮಕ್ಕಳ ದೂರು ಹೆಚ್ಚುಕಡಮೆ ಇಮ್ಮಡಿಯಾಯಿತು. ಬೇರೆ ಮಾತಿಗೆ ಎಳೆದಾಗ ಅರ್ಧಕ್ಕೆ ಇಳಿಯಿತು. ವಿಶೇಷವೆಂದರೆ, ಹೊಟ್ಟೆನೋವಿನ ಮಕ್ಕಳ ತಂದೆತಾಯಿಗಳಿಗೆ ಬೇರೆ ಮಾತಿಗೆ ಎಳೆಯುವುದೇ ಕಠಿನವಾಗಿ ತೋರಿತಂತೆ. ಮಕ್ಕಳಿಗೆ ಅದೇ ಹಿತವಾಗಿತ್ತು. "ನೋಯುತ್ತಿದೆ ಎಂದು ನನಗೆ ಗೊತ್ತು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಬಾ, ಬೂಟು ಹಾಕಿಕೊಳ್ಳೋಣ" ಎಂಬ ಸಮಾಧಾನದ ಮಾತು, ಹತ್ತು ಬಾರಿ "ಈಗ ಹೇಗಿದೆ ಕಂದ?" ಎನ್ನುವುದಕ್ಕಿಂತ ಒಳ್ಳೆಯದು.

ಮೂರನೆಯದು, ವೈದ್ಯರು ಭಯವಿಲ್ಲವೆಂದ ಮೇಲೆ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಇದು ಕಠಿನವೆಂದು ತೋರಬಹುದು. ಆದರೆ ಇಡೀ ವಿಷಯದ ತಿರುಳು ಇಲ್ಲಿದೆ. ತಪ್ಪಿಸಿಕೊಂಡ ಭಯ ಸಣ್ಣದಾಗುವುದಿಲ್ಲ, ಬೆಳೆಯುತ್ತದೆ. ಒಂದು ದಿನ ತಪ್ಪಿದರೆ ಒಂದು ಪಾಠ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಪಾಠ ಮರುದಿನದ ಹೆದರಿಕೆಗೆ ಹೊಸ ಕಾರಣವಾಗುತ್ತದೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ಮುಚ್ಚಿದ ನಮ್ಮ ಕೆಳತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಆ ದೀರ್ಘ ಬಿಡುವಿನ ನಂತರ ಹಿಂದೆ ನಲಿಯುತ್ತ ಬರುತ್ತಿದ್ದ ಮಕ್ಕಳೂ ಬಾಗಿಲಲ್ಲಿ ಅಳುತ್ತ ನಿಂತದ್ದನ್ನು ಉಪಾಧ್ಯಾಯರು ಮರೆತಿರಲಾರರು. ಮನೆಯಲ್ಲಿ ಉಳಿಯಲೇಬೇಕಾದ ದಿನ ಮಗು ಹಾಸಿಗೆಯಲ್ಲಿರಲಿ, ಪುಸ್ತಕವಿರಲಿ. ಟೆಲಿವಿಷನ್ನೂ ಮೊಬೈಲೂ ಬೇಡ, ಹಬ್ಬದಡಿಗೆಯೂ ಬೇಡ. ಶಿಕ್ಷೆಯೂ ಬೇಡ. ಹಲವು ವಾರ ತಪ್ಪಿಸಿಕೊಂಡ ಮಗುವನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ತರಬೇಕು: ಮೊದಲ ದಿನ ಶಾಲೆಯ ಅಂಗಳದವರೆಗೆ, ಮರುದಿನ ಒಂದು ಪಾಠಕ್ಕೆ, ಆಮೇಲೆ ಊಟದವರೆಗೆ, ಕಡೆಗೆ ಪೂರ್ತಿ ದಿನಕ್ಕೆ. ಆದರೆ ಪೀಡೆಯೋ ಅನಾಚಾರವೋ ಕಾರಣವಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಮಗುವನ್ನು ಕರೆತರಬೇಕು. ಬೆಂಕಿ ಆರದ ಮನೆಯೊಳಕ್ಕೆ ಧೈರ್ಯ ಹೇಳಿ ಕಳುಹಿಸುವುದು ಚಿಕಿತ್ಸೆಯಲ್ಲ.

ಉಪಾಧ್ಯಾಯರ ಪಾಲೂ ಸಣ್ಣದಲ್ಲ. ಪಾಠದ ನಡುವೆ ನೋವೆಂದ ಮಗುವನ್ನು ಎಲ್ಲರೆದುರು ಪ್ರಶ್ನಿಸದೆ, ಹತ್ತು ಹದಿನೈದು ನಿಮಿಷ ಒಂದು ಶಾಂತವಾದ ಮೂಲೆಯಲ್ಲಿ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಮೂಗಿನಿಂದ ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡುವಂತೆ ಹೇಳಬಹುದು. ಉದ್ದವಾಗಿ ಬಿಟ್ಟ ಉಸಿರು ದೇಹದ ಗಾಬರಿಯನ್ನು ಇಳಿಸುತ್ತದೆ. ಅನಂತರ ಮಗು ಮನೆಗಲ್ಲ, ತರಗತಿಗೆ ಮರಳಬೇಕು. ಓದಲು ಹೆದರುವ ಮಗುವಿಗೆ ನಾಳೆ ಓದಬೇಕಾದ ನಾಲ್ಕು ಸಾಲನ್ನು ಇಂದೇ ಗುಟ್ಟಾಗಿ ಹೇಳಿಕಳುಹಿಸಬಹುದು. ಶೌಚಾಲಯಕ್ಕೆ ಹೋಗಲು ಕೈಸನ್ನೆಯಲ್ಲೇ ಅಪ್ಪಣೆ ಪಡೆಯುವ ಏರ್ಪಾಡು ಮಾಡಬಹುದು. ಬಾಗಿಲಲ್ಲಿ ಹೆಸರು ಹಿಡಿದು ಕರೆದು, ಹೂವಿನ ಕುಂಡಕ್ಕೆ ನೀರು ಹಾಕುವುದೋ ಸೀಮೆಸುಣ್ಣ ತರುವುದೋ, ಒಂದು ಕೆಲಸ ಕೊಟ್ಟರೆ, ಅಳುವ ಮಗುವಿಗೂ ಒಳಗೆ ಬರಲು ಒಂದು ನೆಪ ದೊರೆಯುತ್ತದೆ. ಇದಕ್ಕೆಲ್ಲ ಸರ್ಕಾರದ ಸುತ್ತೋಲೆಯಾಗಲಿ ಅನುದಾನವಾಗಲಿ ಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ನೋವು ಉಳಿದರೆ, ಮಗು ಆಟವನ್ನೂ ಗೆಳೆಯರನ್ನೂ ಬಿಟ್ಟು ಮಂಕಾದರೆ, ಮಕ್ಕಳ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಕಾಗಿಲ್ಲ. ಭಯವನ್ನು ಎದುರಿಸುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಗಳಿವೆ. ಅವು ಅನೇಕ ಮಕ್ಕಳಲ್ಲಿ ಫಲ ಕೊಟ್ಟಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗವಿದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮಗು ದೊಡ್ಡದಾದ ಮೇಲೆ ಮೂರನೆಯ ತರಗತಿಯ ಗುಣಾಕಾರದ ಲೆಕ್ಕಗಳಲ್ಲಿ ಎಷ್ಟನ್ನು ನೆನಪಿಟ್ಟುಕೊಂಡೀತೋ ಹೇಳಲಾರೆವು. ಆದರೆ ತನಗೆ ನೋವಾದ ದಿನ ಮನೆಯವರು, ಮೇಷ್ಟರು ಏನೆಂದರು ಎಂಬುದನ್ನು ಅದು ಮರೆಯುವುದಿಲ್ಲ. ಅಂದು ತನ್ನ ಮಾತನ್ನು ನಂಬಿ, ಕೈಹಿಡಿದು, ಜೊತೆಗೆ ನಡೆದು ತರಗತಿಯ ಬಾಗಿಲವರೆಗೆ ಬಿಟ್ಟವರೊಬ್ಬರಿದ್ದರೆ, ಮುಂದೆ ಹೊಟ್ಟೆನೋವಿಗಿಂತ ದೊಡ್ಡ ನೋವುಗಳು ಬಂದಾಗಲೂ ಆ ಮಗು ಬಾಯಿಬಿಟ್ಟು ಹೇಳುತ್ತದೆ. ಹೇಳುವಷ್ಟು ಧೈರ್ಯವನ್ನು ಒಂದು ಶಾಲೆ ಕಲಿಸಿದ್ದರೆ, ಅದು ಕಲಿಸಿದ ಪಾಠಗಳಲ್ಲಿ ಅದು ಚಿಕ್ಕದೇನೂ ಅಲ್ಲ.